ದೊರೆ ಕಲಿತ ‘ವಾಲಂಟರಿ’

ನೀಲಗಲ್ಲು ಸಂಸ್ಥಾನದ ದೊರೆ ಜಡಿಯಪ್ಪ ನಾಯಕರಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಪದ. ಆದರೆ ಅದನ್ನು ಅವರು ಬಳಸಿದಷ್ಟು ಧೈರ್ಯವಾಗಿ ಯಾವ ಇಂಗ್ಲಿಷಿನವನೂ ಬಳಸಿರಲಾರ.

ಪದ ಸಿಕ್ಕಿದ್ದು ಬ್ರಿಟಿಷ್ ಸರ್ಕಾರದ ಏಜೆಂಟ್ ಸಾಹೇಬರ ಬಂಗಲೆಯ ಚಹಾಕೂಟದಲ್ಲಿ. ಪಕ್ಕದ ಸಂಸ್ಥಾನದ ಜನ ತಾವಾಗಿಯೇ ಕೆರೆ ತೋಡಿದರೆಂದು ಸಾಹೇಬರು ಹೊಗಳಿದ್ದರು. ಆ ಮಾತಿನಲ್ಲಿ ‘ವಾಲಂಟರಿ’ ಎಂಬ ಪದ ಮತ್ತೆ ಮತ್ತೆ ಬಂದಿತ್ತು. ನಾಯಕರು ಪ್ರತಿ ಸಲವೂ ತಲೆದೂಗಿದರು. ಮರಳಿ ಬರುವಾಗ ಸಾರೋಟಿನಲ್ಲಿ ದುಭಾಷಿ ಚಿಂತೋಪಂತರನ್ನು ಕೇಳಿದರು.

“ಪಂತರೇ, ವಾಲಂಟರಿ ಅಂದರೇನು?”

“ಯಾರ ಒತ್ತಾಯವೂ ಇಲ್ಲದೆ ಮನಸಾರೆ ಮಾಡುವುದು, ಮಹಾಸ್ವಾಮಿ. ಬಹಳ ಸಲ ಕೂಲಿಯಿಲ್ಲದೆ.”

ದೊರೆಗಳ ಕಿವಿಗೆ ಬಿದ್ದದ್ದು ಕಡೆಯ ಮಾತೊಂದೇ.

ಮರುದಿನವೇ ಡಂಗುರವಾಯಿತು. ಸಾಹೇಬರು ದೋಣಿಯಲ್ಲಿ ವಿಹರಿಸಲೆಂದು ಅರಮನೆಯ ಹಿಂದೆ ಹೊಂಡ ತೋಡಬೇಕು. ಮನೆಗೊಬ್ಬರು ವಾಲಂಟರಿಯಾಗಿ ಬರಬೇಕು. ಬಾರದವರಿಗೆ ಛಡಿ ಏಟು.

ಅದು ಜೋಳದ ಸುಗ್ಗಿಯ ಕಾಲ. ತೆನೆ ತೂಗುವ ಹೊಲಗಳನ್ನು ಹಕ್ಕಿಗಳಿಗೆ ಬಿಟ್ಟು ಜನ ಗುದ್ದಲಿ ಹಿಡಿದು ಬಂದರು. ಪಂತರು ತಡೆಯಲಾರದೆ ಒಡ್ಡೋಲಗದಲ್ಲಿ ಎದ್ದು ನಿಂತರು.

“ಬಾರದಿದ್ದರೆ ಏಟು ಎಂದಮೇಲೆ ಅದು ವಾಲಂಟರಿ ಆಗುವುದಿಲ್ಲ, ಮಹಾಸ್ವಾಮಿ.”

“ಯಾಕಾಗುವುದಿಲ್ಲ? ಬರುವುದೋ ಏಟು ತಿನ್ನುವುದೋ ಅವರೇ ಆರಿಸಿಕೊಳ್ಳಲಿ. ನಾವು ಒತ್ತಾಯ ಮಾಡಿದ್ದೇವೆಯೇ?”

“ಪದದ ಅರ್ಥ ಹಾಗಲ್ಲ...”

“ಪಂತರೇ, ನಿಮಗೆ ಅರ್ಥ ಮಾತ್ರ ಗೊತ್ತು. ಬಳಕೆ ನಮಗೆ ಗೊತ್ತು.”

ಸಭೆಯವರು ಆಹಾ ಎಂದರು. ಅವರೂ ವಾಲಂಟರಿಯಾಗಿಯೇ ಅಂದರು. ಪಂತರು ಕೈಮುಗಿದು ಕುಳಿತರು. ಅರ್ಥ ಕಿವಿಯಿಂದ ತಲೆಗೆ ಹೋಗದಿದ್ದರೆ ಬೇರೆ ದಾರಿಯಲ್ಲಿ ಕಳಿಸಬೇಕು ಎಂದುಕೊಂಡರು.

ಕೆಲಸ ನೋಡಲು ಏಜೆಂಟ್ ಸಾಹೇಬರೇ ಬಂದರು. ಹೊಂಡದ ದಡದಲ್ಲಿ ಚಪ್ಪರ, ಚಪ್ಪರದಡಿ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಎಳನೀರು. ಸಾಹೇಬರು ಜನರನ್ನು ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇವರೆಲ್ಲ ತಾವಾಗಿಯೇ ಬಂದವರೇ ಎಂಬುದು ಆ ಪ್ರಶ್ನೆ.

“ವಾಲಂಟರಿ, ವಾಲಂಟರಿ,” ಎಂದರು ನಾಯಕರು, ದುಭಾಷಿಗೆ ಕಾಯದೆ.

ಆಗ ಪಂತರು ಬಾಗಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದರು: “ದೊರೆಗಳೂ ವಾಲಂಟರಿಯೇ. ತಮ್ಮ ಕಣ್ಣೆದುರಿಗೇ ಗುದ್ದಲಿ ಹಿಡಿಯಬೇಕೆಂದು ಕಾದಿದ್ದರು. ಬೇಕಾದರೆ ಅವರನ್ನೇ ಕೇಳಿ.”

ಸಾಹೇಬರು ಬೆರಗಿನಿಂದ ದೊರೆಗಳ ಕಡೆ ತಿರುಗಿ, “ವಾಲಂಟರಿ?” ಎಂದು ಕೇಳಿದರು. ನಾಯಕರಿಗೆ ತಿಳಿದದ್ದು ತಮ್ಮ ಪದವೊಂದೇ. ಎದೆ ಮುಟ್ಟಿಕೊಂಡು ಇನ್ನೂ ಗಟ್ಟಿಯಾಗಿ, “ವಾಲಂಟರಿ,” ಎಂದರು.

ಸಾಹೇಬರು ಟೋಪಿ ತೆಗೆದು ನಮಸ್ಕರಿಸಿ, ಪಕ್ಕದವನ ಗುದ್ದಲಿಯನ್ನು ಇಸಕೊಂಡು ದೊರೆಗಳ ಕೈಗಿಟ್ಟರು. ಬಳಿಕ ಚಪ್ಪರದಡಿ ಹೋಗಿ ಕುಳಿತರು. ಪದ ಅವರ ಭಾಷೆಯದು. ಬಳಸುವ ಭಾಗ್ಯ ಮಾತ್ರ ಇತರರದು.

“ಏನಿದು ಪಂತರೇ?” ನಾಯಕರು ಪಿಸುಗುಟ್ಟಿದರು.

“ತಾವೂ ವಾಲಂಟರಿಯೇ ಎಂದು ಕೇಳಿದರು. ತಾವು ಹೌದೆಂದಿರಿ.”

“ಆಗುವುದಿಲ್ಲ ಅಂತ ಹೇಳಿ.”

“ಹೇಳುತ್ತೇನೆ. ಆಮೇಲೆ ಸಾಹೇಬರು ಮೇಲಿನವರಿಗೆ ಏನು ಬರೆಯುತ್ತಾರೋ ನಾನರಿಯೆ. ಇಳಿಯುವುದೋ ಬಿಡುವುದೋ ತಾವೇ ಆರಿಸಿಕೊಳ್ಳಬೇಕು. ನನ್ನ ಒತ್ತಾಯವಿಲ್ಲ.”

ನಾಯಕರು ಪಂತರ ಮುಖವನ್ನೊಮ್ಮೆ, ಸಾಹೇಬರ ಮುಖವನ್ನೊಮ್ಮೆ ನೋಡಿ, ಜರಿಯ ಅಂಗಿ ಕಳಚಿ ಹೊಂಡಕ್ಕಿಳಿದರು.

ಬಿಸಿಲು ನೆತ್ತಿಗೇರಿತು. ನಾಯಕರ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಸಾಹೇಬರು ಎರಡನೆಯ ಎಳನೀರು ಕುಡಿಯುತ್ತಿದ್ದರು. ನಾಯಕರ ಪಕ್ಕದಲ್ಲಿ ಹುಲಿಗೆವ್ವ ಎಂಬ ಹೆಂಗಸು ಬುಟ್ಟಿಗೆ ಮಣ್ಣು ತುಂಬುತ್ತಿದ್ದಳು. ಸುಮ್ಮನೆ ಅಗೆಯಲಾರದೆ ನಾಯಕರು ಅವಳನ್ನು ಮಾತಿಗೆಳೆದರು.

“ನೀನು ಯಾಕೆ ಬಂದೆ?”

“ಡಂಗುರ ಹೊಡದ್ರು, ಬಂದೆ. ಅಲ್ಲಿ ಗುಬ್ಬಿ ಹಿಂಡು ಜೋಳ ತಿಂದು ಮುಗಸಾಕತ್ತಾವ.”

“ಬರುವುದಿಲ್ಲ ಅನ್ನಬೇಕಿತ್ತು.”

ಹುಲಿಗೆವ್ವ ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು. “ನೀವು ಹಂಗ ಅಂದ್ರೇನ್ರೀ, ಅಪ್ಪಾರ?”

ನಾಯಕರು ಗುದ್ದಲಿ ಮತ್ತೆ ಎತ್ತಿದರು.

ಸಾಹೇಬರು ಊಟಕ್ಕೆ ಎದ್ದು ಹೊರಟಮೇಲೆ ನಾಯಕರು ಮೇಲೆ ಬಂದು ಕುರ್ಚಿಯಲ್ಲಿ ಕುಸಿದರು. ಯಾರೋ ಹೆಗಲಿಗೆ ಶಾಲು ಹೊದಿಸಿ ಅಂಗೈಗೆ ಬೆಣ್ಣೆ ಸವರಿದರು. ಪಂತರು ಏಟಿಗೂ ಸಿದ್ಧರಾಗಿಯೇ ಬಂದು ನಿಂತರು.

“ಆ ಹಾಳು ಪದದ ಅರ್ಥ ಇನ್ನೊಮ್ಮೆ ಹೇಳಿ.”

“ಈಗ ತಾವೇ ಹೇಳಬೇಕು, ಮಹಾಸ್ವಾಮಿ. ಬಳಕೆ ತಮಗೇ ಗೊತ್ತು.”

ನಾಯಕರು ಅಂಗೈ ನೋಡಿಕೊಂಡರು. “ಬೇಡ ಅನ್ನುವ ಹಾಗಿರಬೇಕು,” ಎಂದರು. “ಅಂದವನಿಗೆ ಏನೂ ಆಗಬಾರದು.”

“ಇದನ್ನೇ ಡಂಗುರದವನಿಗೆ ಹೇಳಲೇ?”

“ಹೇಳಿ.”

ಡಂಗುರದವನು ಮಾತು ಮುಗಿಸುವಷ್ಟರಲ್ಲಿ ಹೊಂಡ ಬರಿದಾಯಿತು. ಗುದ್ದಲಿಗಳು ಬಿದ್ದಲ್ಲೇ ಬಿದ್ದಿದ್ದವು. ಹೊಲಗಳ ಕಡೆಯಿಂದ ಹಕ್ಕಿ ಓಡಿಸುವ ಕೂಗು ಕೇಳತೊಡಗಿತು.

“ಒಬ್ಬನಾದರೂ ಉಳಿಯಬೇಡವೇ?” ನಾಯಕರಿಗೆ ನಿಜಕ್ಕೂ ನೋವಾಗಿತ್ತು. “ನಾವು ಇಷ್ಟು ವರ್ಷ ಆಳಿದ್ದೇವೆ.”

“ಸುಗ್ಗಿ ಮುಗಿಯಲಿ. ದೋಣಿಯ ಹೊಂಡ ಬಿಟ್ಟು ಊರಿಗೊಂದು ಕೆರೆ ಎಂದು ಕೇಳಿ ನೋಡೋಣ.”

“ಕೇಳುವುದೇ? ನಾವು?”

“ಮೊದಮೊದಲು ಕಷ್ಟ, ಮಹಾಸ್ವಾಮಿ. ಉಚ್ಚಾರಣೆ ಆಮೇಲೆ ಸರಿಹೋಗುತ್ತದೆ.”

ನಾಯಕರು ಸಿಟ್ಟಾಗಲು ನೋಡಿದರು. ಆದರೆ ನಗು ಮೊದಲು ಬಂತು. ಹೆಗಲ ಮೇಲಿನ ಶಾಲು ತೆಗೆದು ಪಂತರ ಕಡೆ ಚಾಚಿದರು.

“ಹಿಡಿಯಿರಿ.”

ಪಂತರು ಕೈ ಚಾಚಲಿಲ್ಲ. “ಬೇಡ ಅನ್ನಬಹುದೇ?”

ನಾಯಕರು ಹಲ್ಲು ಕಚ್ಚಿ ಹೇಳಿದರು: “ಅನ್ನಬಹುದು.”

“ಹಾಗಿದ್ದರೆ ಕೊಡಿ,” ಎಂದರು ಪಂತರು.