ಕೆಳಗಿನ ಊರಿನ ಬಾವಿ

"ಗುರುಗಳೇ, ತಪ್ಪನ್ನು ಬಿಟ್ಟ ಮೇಲೂ ಮನಸ್ಸು ಯಾಕೆ ಒಂದು ಕಡೆ ನಿಲ್ಲುವುದಿಲ್ಲ?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಒಂದು ವರ್ಷದ ಹಿಂದೆ ಅವನು ಜೊತೆಯ ಶಿಷ್ಯನೊಬ್ಬನ ಮೇಲೆ ಇಲ್ಲದ ಮಾತು ಹಬ್ಬಿಸಿದ್ದ. ಆ ಶಿಷ್ಯ ಮಠ ಬಿಟ್ಟು ಹೋಗಿದ್ದ. ಅಂದಿನಿಂದ ಶಂಭುಲಿಂಗ ಯಾರ ಬಗ್ಗೆಯೂ ಕೆಟ್ಟ ಮಾತು ಆಡಿರಲಿಲ್ಲ. ಆದರೂ ಪೂಜೆಗೆ ಕುಳಿತರೆ ಎದ್ದು ಹೋಗಬೇಕೆನಿಸುತ್ತಿತ್ತು. ಹೊರಗೆ ಹೋದರೆ ಒಳಗೆ ಬರಬೇಕೆನಿಸುತ್ತಿತ್ತು.

ಗುರುಗಳು ಹೇಳತೊಡಗಿದರು.

ದಿಬ್ಬದ ಮೇಲಿನ ಊರಿನಲ್ಲಿ ಒಬ್ಬ ರೈತನಿದ್ದ. ಮಗಳು ಕಾಶವ್ವನನ್ನು ದಿಬ್ಬದ ಕೆಳಗಿನ ಊರಿಗೆ ಕೊಟ್ಟಿದ್ದ. ಅವನ ತಂದೆಯ ಕಾಲದಲ್ಲಿ ದಿಬ್ಬದ ಮೇಲಿನ ಅವರ ಹೊಲದಲ್ಲಿ ಒಂದು ವರ್ಷ ಜೋಳ, ಮರುವರ್ಷ ಹೆಸರುಕಾಳು ಬೆಳೆಯುತ್ತಿದ್ದರು. ಗಾಳಿಯ ತುಂಬ ಸಾರಜನಕವಿದೆ. ಆದರೆ ಜೋಳ ಅದನ್ನು ಗಾಳಿಯಿಂದ ತೆಗೆದುಕೊಳ್ಳಲಾರದು. ಹೆಸರಿನ ಬೇರಿನ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವು ಅದನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಕೊಳೆತಾಗ ಅದು ಮಣ್ಣಿಗೆ ಸೇರುತ್ತದೆ. ಮಣ್ಣಿನಿಂದ ಜೋಳಕ್ಕೆ, ಜೋಳದ ದಂಟಿನಿಂದ ದನಕ್ಕೆ, ದನದಿಂದ ಸಗಣಿಯಾಗಿ ಮತ್ತೆ ಹೊಲಕ್ಕೆ ಬರುತ್ತದೆ. ಒಂದಿಷ್ಟು ಗಾಳಿಗೇ ಮರಳುತ್ತದೆ. ಅದು ಎಲ್ಲಿಯೂ ನಿಲ್ಲುವುದಿಲ್ಲ.

ರೈತನಿಗೆ ಆ ನಡಿಗೆ ನಿಧಾನವೆನಿಸಿತು. ಹೆಸರು ಬಿತ್ತುವುದನ್ನು ಬಿಟ್ಟ. ವರ್ಷಕ್ಕೆ ಎರಡು ಸಲ ಗೋವಿನಜೋಳ ಹಾಕಿ, ಸಾರಜನಕದ ಗೊಬ್ಬರವಾದ ಯೂರಿಯಾ ಚೆಲ್ಲಿದ. ವಾರದೊಳಗೆ ಬೆಳೆ ಕಡುಹಸಿರಾಯಿತು. ಒಂದು ಚೀಲಕ್ಕೆ ಇಷ್ಟಾದರೆ ಮೂರು ಚೀಲಕ್ಕೆ ಎಷ್ಟಾದೀತು ಎಂದುಕೊಂಡು ಮೂರು ಚೀಲ ಚೆಲ್ಲಿದ. ಬೆಳೆ ತನಗೆ ಬೇಕಾದಷ್ಟನ್ನು ತೆಗೆದುಕೊಂಡಿತು. ಉಳಿದದ್ದು ಮಳೆಯ ನೀರಿನೊಡನೆ ಕೆಳಗಿಳಿಯಿತು. ಅವನು ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ, ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ.

ಕಾಶವ್ವ ತವರಿನಲ್ಲಿ ಹೆತ್ತು, ಮೂರನೆಯ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಅಲ್ಲಿ ಜ್ವರ ಬಂದು ಅವಳ ಎದೆಹಾಲು ಬತ್ತಿತು. ಮನೆಯ ಮುಂದಿನ ಬಾವಿಯ ನೀರನ್ನು ಅತ್ತೆ ಕಾಯಿಸಿ, ಹಾಲಿನ ಪುಡಿ ಕಲಸಿ ಕೂಸಿಗೆ ಕುಡಿಸಿದಳು. ಕೆಲವು ದಿನಗಳಲ್ಲಿ ಕೂಸಿನ ತುಟಿ, ಉಗುರು ನೀಲಿಯಾದವು. ಅತ್ತೆ ಗಾಬರಿಯಿಂದ ನೀರನ್ನು ಇನ್ನೂ ಹೆಚ್ಚು ಹೊತ್ತು ಕಾಯಿಸಿದಳು. ಕೂಸು ಉಸಿರಾಡಲು ಕಷ್ಟಪಟ್ಟಿತು.

ಆಸ್ಪತ್ರೆಯಲ್ಲಿ ಕೂಸು ಉಳಿಯಿತು. ವೈದ್ಯೆ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ನೈಟ್ರೇಟ್, ಅಂದರೆ ಗೊಬ್ಬರದ ಸಾರಜನಕ ಮಣ್ಣಿನಲ್ಲಿ ತಾಳುವ ರೂಪ, ತುಂಬಿತ್ತು. ಮೇಲಿನ ಹೊಲಕ್ಕೆ ಹಾಕಿದ ಗೊಬ್ಬರ ಇಳಿದು ಬಂದು ಹೀಗಾಗಿದೆ, ಎಳೆಗೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಇದರಿಂದ ಹೋಗುತ್ತದೆ, ಕಾಯಿಸಿದಷ್ಟೂ ನೀರು ಬತ್ತಿ ಅದು ಹೆಚ್ಚುತ್ತದೆ ಎಂದರು. ಮೇಲಿನ ಹೊಲ ಯಾರದೆಂದು ಕಾಶವ್ವನಿಗೆ ತಿಳಿದಿತ್ತು. ಗಂಡನ ಮನೆಯಲ್ಲಿ ಅವಳು ಹೇಳಲಿಲ್ಲ.

ರೈತ ಕೂಸನ್ನು ನೋಡಲು ಹೋದಾಗ ಮಗಳು ಊರಾಚೆಯಿಂದ ಕೊಡ ಹೊತ್ತು ಬರುತ್ತಿದ್ದಳು.

"ಮನೆಯ ಮುಂದೆ ಬಾವಿ ಇದೆ. ಅಷ್ಟು ದೂರ ಯಾಕೆ ಹೋದೆ?" ಎಂದು ಅವನು ಕೇಳಿದ.

"ಮೇಲಿನ ಹೊಲದ ಗೊಬ್ಬರ ಈ ನೀರಿಗೆ ಇಳಿದಿದೆಯಂತೆ. ಕೂಸಿಗೆ ಆಗುವುದಿಲ್ಲ."

ರೈತನಿಗೆ ಸಿಟ್ಟು ಬಂತು. "ಯಾರ ಹೊಲ ಅದು? ಹೇಳು. ಈಗಲೇ ಹೋಗಿ ವಿಚಾರಿಸುತ್ತೇನೆ."

ಕಾಶವ್ವ ಕೊಡ ಇಳಿಸಿದಳು. "ಬೇಡ ಅಪ್ಪಾ. ಅದು ನಿನ್ನದೇ."

ರೈತ ಉಣ್ಣದೆ ಹಿಂದಿರುಗಿದ. ಮನೆಯಲ್ಲಿದ್ದ ಯೂರಿಯಾ ಚೀಲಗಳನ್ನು ಅಂಗಡಿಗೆ ಮರಳಿಸಿದ. ಹೆಸರು ಬಿತ್ತಿದ. ತಿಂಗಳಿಗೊಮ್ಮೆ ಮಗಳ ಮನೆಯ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಒಯ್ದ. ನೈಟ್ರೇಟ್ ಕಡಿಮೆಯಾಗಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ಹೆಚ್ಚಾಗಿತ್ತು.

"ನಾನು ಚೆಲ್ಲುವುದನ್ನು ನಿಲ್ಲಿಸಿ ವರ್ಷವಾಯಿತಲ್ಲ," ಎಂದ.

"ನೀವು ನಿಲ್ಲಿಸಿದಿರಿ. ಮೊದಲು ಚೆಲ್ಲಿದ್ದು ಇನ್ನೂ ಇಳಿಯುತ್ತಿದೆ," ಎಂದ ನೀರು ಪರೀಕ್ಷಿಸುವವನು. ಇನ್ನೆಷ್ಟು ವರ್ಷ ಎಂದರೆ ಅವನಿಗೂ ಹೇಳಲಾಗಲಿಲ್ಲ.

ಆಮೇಲೆ ರೈತನಿಗೆ ಹೊಲದಲ್ಲಿ ನಿಲ್ಲಲಾಗಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಕಾಲ ಕೆಳಗೆ ಅದು ನಡೆಯುತ್ತಲೇ ಇದೆ ಎನಿಸಿ ಬದುವಿನ ಉದ್ದಕ್ಕೂ ತಿರುಗಿದ. ಒಂದು ಬೆಳಿಗ್ಗೆ ದಿಬ್ಬದ ಆಚೆ ಬದಿಯ ಬುಗ್ಗೆಯಿಂದ ಎರಡು ಕೊಡ ನೀರು ತುಂಬಿ, ಸೈಕಲ್ಲಿಗೆ ಕಟ್ಟಿಕೊಂಡು ಕೆಳಗಿನ ಊರಿಗೆ ಒಯ್ದ. ಬೀಗತಿ ಯಾಕೆಂದು ಕೇಳಿದಳು.

"ನಿಮ್ಮ ಬಾವಿ ಕೆಡಿಸಿದವನು ನಾನು," ಎಂದ.

ಬೀಗತಿ ಕೂರಲು ಹೇಳಲಿಲ್ಲ. ಹೋಗಲೂ ಹೇಳಲಿಲ್ಲ. ಕೊಡಗಳನ್ನು ಒಳಗೆ ತೆಗೆದುಕೊಂಡು, ಬರಿದು ಮಾಡಿ ತಂದು ಹೊರಗಿಟ್ಟಳು. ರೈತ ಮರುದಿನವೂ ಒಯ್ದ. ಅದರ ಮರುದಿನವೂ ಒಯ್ದ. ಮೂರನೆಯ ವರ್ಷ ಕಾಶವ್ವನಿಗೆ ಎರಡನೆಯ ಕೂಸು ಹುಟ್ಟಿತು. ಬಾವಿ ಇನ್ನೂ ಹಾಗೆಯೇ ಇತ್ತು. ರೈತ ಇನ್ನೂ ನೀರು ಒಯ್ಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆ ರೈತನಿಗೆ ಕೊನೆಗಾದರೂ ನೆಮ್ಮದಿ ಸಿಕ್ಕಿತೇ?" ಎಂದು ಶಂಭುಲಿಂಗ ಕೇಳಿದ.

ಗುರುಗಳು ಹೇಳಿದರು: "ನೀನು ಆ ನೀರು ಕುಡಿದ ಕೂಸು ಹೇಗಿದೆ ಎಂದು ಕೇಳುತ್ತೀಯೆಂದುಕೊಂಡಿದ್ದೆ."