ಸಾರಿಸಿದ ಅಂಗಳ

ನದಿ ದಂಡೆಯ ಆ ಮಠದಲ್ಲಿ ಇದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ಕಾರು. ಮೂವರಲ್ಲಿ ಹೆಚ್ಚು ಮುನಿಸಿಕೊಳ್ಳುತ್ತಿದ್ದದ್ದು ಕಾರೇ.

ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಚನ್ನವೀರ. ಊರಿನ ರೋಗಿಗಳನ್ನು, ಬಸುರಿಯರನ್ನು ಸೇತುವೆ ದಾಟಿಸಿ ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುವುದು ಅವನ ಸೇವೆ. ನಸುಕಿನಲ್ಲೆದ್ದು ಮಠದ ಅಂಗಳ ಗುಡಿಸಿ, ಸಗಣಿನೀರಿನಿಂದ ಸಾರಿಸುವುದು ಇನ್ನೊಂದು ಸೇವೆ. ಎರಡರಲ್ಲೂ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಈಚೆಗೆ ಕಾರಿನ ಪವರ್ ಸ್ಟೀರಿಂಗ್ ಕೈಕೊಡತೊಡಗಿತ್ತು. ಒಂದು ದಿನ ಬೆರಳಿಗೆ ತಿರುಗುವುದು, ಇನ್ನೊಂದು ದಿನ ಎರಡೂ ತೋಳಿಗೆ ಬಗ್ಗುತ್ತಿರಲಿಲ್ಲ. ತಿರುಗಿಸಿದಾಗಲೆಲ್ಲ ಬಾನೆಟ್ಟಿನೊಳಗೆ ಏನೋ ನರಳುತ್ತಿತ್ತು.

ಒಂದು ಮಧ್ಯಾಹ್ನ ತುಂಬುಗರ್ಭಿಣಿ ನೀಲವ್ವನನ್ನು ಡಾಕ್ಟರಿಗೆ ತೋರಿಸಿ ಕರೆತರುತ್ತಿದ್ದ. ಸೇತುವೆಯ ತಿರುವಿನಲ್ಲಿ ಸ್ಟೀರಿಂಗು ಹಟ ಹಿಡಿಯಿತು. ಬ್ರೇಕು ತುಳಿದ. ಕಾರು ತಡೆಗೋಡೆಗೆ ಗೇಣು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ನೀಲವ್ವ ನಿದ್ದೆ ಹೋಗಿದ್ದಳು. ಚನ್ನವೀರನ ಜೀವ ಬಾಯಿಗೆ ಬಂದಿತ್ತು.

ಅವನು ಅದನ್ನು ಯಾರಿಗೂ ಹೇಳಲಿಲ್ಲ. ಮಠಕ್ಕೆ ಬಂದವನೇ, ಸಂಜೆಯಾಗಿದ್ದರೂ, ಸಗಣಿ ಕಲಸಿಕೊಂಡು ಅಂಗಳ ಸಾರಿಸಿದ.

ನೀಲವ್ವನನ್ನು ಹೆರಿಗೆಗೆ ಸೇರಿಸಲು ಉಳಿದದ್ದು ಮೂರೇ ದಿನ. ಮಠದ ಕಾರಲ್ಲದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಮರುದಿನ ಅವನು ಅಜ್ಜಾರ ಮುಂದೆ ಕೂತ.

"ಅಜ್ಜಾರ, ಗಾಡಿಗೆ ಏನಾಗೇತಿ ಅಂತ ತಿಳೀವಲ್ದ್ರಿ."

"ಯಾರನ್ನ ಕೇಳಿದಿ?"

"ಕೇಳದವ್ರನ್ನ ಉಳಿಸಿಲ್ರಿ. ಒಬ್ಬಾವ ಗಾಲಿಗೆ ಗಾಳಿ ಕಮ್ಮಿ ಅಂದ, ತುಂಬಿಸಿದೆ. ಇನ್ನೊಬ್ಬಾವ ಬೆಲ್ಟ್ ಸಡಲ ಆಗೇತಿ ಅಂದ, ಬಿಗಿಸಿದೆ. ಮೆಕ್ಯಾನಿಕ್ ದಾದಾಪೀರ ಸ್ಟೀರಿಂಗ್ ಎಣ್ಣಿ ಇಳದೈತಿ ಅಂದ, ಹಾಕಿದೆ. ನಾಕು ದಿನಕ್ಕ ಮತ್ತ ಇಳೀತು."

"ಎಲ್ಲಿಗೆ ಹೋತು ಎಣ್ಣಿ?"

"ಅದ ತಿಳೀವಲ್ದ್ರಿ. ಎಲ್ಯಾರ ಸೋರತೈತೇನು ಅಂತ ದಾದಾಪೀರ ಕೇಳಿದ. ಇಲ್ಲ ಅಂದೆ. ಹಂಗಾರ ಪಂಪ್ ಹೋಗಿರಬೇಕು ಅಂದ."

"ಸೋರಂಗಿಲ್ಲ ಅಂತ ನಿನಗ ಹೆಂಗ ಗೊತ್ತು?"

"ದಿನಾ ಅಂಗಳ ನೋಡ್ತೀನಲ್ರಿ. ಒಂದು ಹನಿ ಕಲೆ ಇಲ್ಲ." ಅಷ್ಟು ಗೊಂದಲದಲ್ಲೂ ಅವನ ದನಿಯಲ್ಲಿ ಒಂದಿಷ್ಟು ಜಂಬ ಇತ್ತು.

ಅಜ್ಜಾರು ಅಂಗಳ ನೋಡಿದರು. ಎಲೆಯಿಲ್ಲದೆ ಊಟಕ್ಕೆ ಬಡಿಸಬಹುದಾಗಿತ್ತು.

"ಹೌದಪಾ," ಎಂದರು. "ಭಾಳ ಚೊಕ್ಕ ಐತಿ."

ಚನ್ನವೀರನಿಗೆ ತಲೆಬುಡ ತಿಳಿಯದಾಯಿತು. ಸೋರದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಎಂಜಿನ್ನು ಕುಡಿಯುತ್ತದೆಯೇ? ಬಿಸಿಲಿಗೆ ಆರುತ್ತದೆಯೇ? ಪಂಪು ಬದಲಿಸಿದ ಮೇಲೂ ಹೀಗೇ ಆದರೆ? ಆ ತಿರುವು ಕಣ್ಣ ಮುಂದೆ ಬಂತು. ಅವನಿಗೆ ಹೆದರಿಕೆಯಾಯಿತು.

"ನಾ ಯಾರ ಮಾತು ನಂಬಬೇಕ್ರಿ, ಅಜ್ಜಾರ?"

ಅಜ್ಜಾರು ಎದ್ದು ಹೋಗಿ ಕಸಬರಿಗೆಯನ್ನೂ ಸಗಣಿ ಬಕೆಟ್ಟನ್ನೂ ತಮ್ಮ ಕೋಣೆಯೊಳಗಿಟ್ಟು ಚಿಲಕ ಹಾಕಿದರು.

"ನಾಳೆ ಅಂಗಳಕ್ಕ ಕೈ ಹಚ್ಚಬ್ಯಾಡ."

ಮರುದಿನ ನಸುಕಿಗೇ ಎಚ್ಚರವಾಯಿತು. ಚನ್ನವೀರ ಜಗಲಿಯ ಮೇಲೆ ಕೂತ. ಕೈ ಸುಮ್ಮನಿರಲೊಲ್ಲದು. ಅಂಗಳದ ತುಂಬ ಬೇವಿನ ಎಲೆ. ಯಾರಾದರೂ ಬಂದರೆ ಏನೆಂದಾರು? ತನ್ನ ಸೇವೆಯಲ್ಲಿ ಏನು ಕುಂದು ಕಂಡಿತು? ಕೇಳಿದ್ದು ಕಾರಿನ ಸಂಗತಿ, ಕಿತ್ತುಕೊಂಡದ್ದು ಕಸಬರಿಗೆ. ಅವನಿಗೆ ಅಳುವೇ ಬಂತು.

ಬೆಳಕು ಹರಿದ ಮೇಲೆ ಅಜ್ಜಾರು ಹೊರಗೆ ಬಂದರು.

"ಗಾಡಿ ಹಿಂದಕ್ಕ ನೂಕು."

ನೂಕಿದ. ದಿನವೂ ಸಾರಿಸುವ ಮುಂಚೆ ಹೀಗೆಯೇ ನೂಕುತ್ತಿದ್ದ. ಆಗ ಇನ್ನೂ ಕತ್ತಲಿರುತ್ತಿತ್ತು.

ಕಾರು ನಿಂತಿದ್ದ ಜಾಗದಲ್ಲಿ, ಎಡಗಾಲಿಯ ಪಕ್ಕ, ಅಂಗೈಯಗಲ ಕೆಂಪೆಣ್ಣೆ ಬಿದ್ದಿತ್ತು.

ಚನ್ನವೀರ ಮಂಡಿಯೂರಿ ಬೆರಳಿಗೆ ಹಚ್ಚಿಕೊಂಡು ಮೂಸಿದ. ಅದೇ ಎಣ್ಣೆ.

"ದಿನಾ ಬೀಳತಿತ್ತೇನ್ರಿ ಇದು?"

"ನನಗೇನ ಗೊತ್ತಪಾ. ನಾ ಏಳೂದ್ರಾಗ ನೀ ಸಾರಿಸಿರತಿದ್ದಿ."

ದಾದಾಪೀರ ಬಂದು, ಕಾರನ್ನು ಮತ್ತೆ ಅದೇ ಜಾಗಕ್ಕೆ ತಂದು, ಕಲೆಯ ನೇರಕ್ಕೆ ಕೆಳಗೆ ತೂರಿದ. ಎಣ್ಣೆ ಹರಿಯುವ ಪೈಪು ತಳದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಮೇಲಿನಿಂದ ಎಷ್ಟು ಇಣುಕಿದರೂ ಕಾಣುವಂತಿರಲಿಲ್ಲ.

"ಸೋರತೈತಿ ಅಂತ ಒಂದು ಮಾತು ಅಂದಿದ್ರ ಪಂಪಿನ ಸುದ್ದಿಗೇ ಹೋಗತಿರಲಿಲ್ಲ ನಾನು," ಎಂದ ಕೆಳಗಿನಿಂದಲೇ. ಚನ್ನವೀರ ನೆಲ ನೋಡುತ್ತ ನಿಂತ.

ಮಧ್ಯಾಹ್ನದೊಳಗೆ ಹೊಸ ಪೈಪು ಕೂತಿತು. ನರಳಾಟ ನಿಂತಿತು. ಸೇತುವೆಯವರೆಗೆ ಹೋಗಿ ಬಂದರು. ಆ ತಿರುವಿನಲ್ಲೂ ಸ್ಟೀರಿಂಗು ಬೆರಳಿಗೆ ತಿರುಗಿತು.

ಇನ್ನು ನೀಲವ್ವನನ್ನು ಧೈರ್ಯವಾಗಿ ಕರೆದೊಯ್ಯಬಹುದು. ಅವನು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ. ಕಾರಿಗೆ ಏನಾಗಿತ್ತೆಂದು ಗೊತ್ತಾಯಿತು, ತನಗೇನಾಗಿದೆಯೆಂದು ಗೊತ್ತಾಗಲಿಲ್ಲ.

ಸಂಜೆ ಕಸಬರಿಗೆ ಕೇಳೋಣವೆಂದು, ಕೋಣೆಯ ಮುಂದೆ ಕೂತಿದ್ದ ಅಜ್ಜಾರ ಬಳಿಗೆ ಹೋದ. ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ಅಜ್ಜಾರ... ಮೊನ್ನೆ ಸೇತುವೆ ತಿರುವಿನ್ಯಾಗ ಗಾಡಿ ಗ್ವಾಡಿಗೆ ಬಡೀತಿತ್ರಿ. ನೀಲವ್ವ ಒಳಗಿದ್ಲು. ಯಾರಿಗೂ ಹೇಳಿಲ್ಲ ನಾನು."

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣುಗಳು ತುಂಬಿದ್ದವು.

ಅಜ್ಜಾರು ಚಿಲಕ ತೆಗೆದು ಕಸಬರಿಗೆಯನ್ನು ಅವನ ಕೈಗಿಟ್ಟರು.

"ಆವತ್ತ ಸಂಜೀಕ ಮತ್ತೊಮ್ಮೆ ಅಂಗಳ ಸಾರಿಸಿದ್ಯಲ್ಲಪಾ. ಏನೋ ಸೋರಾಕತ್ತೈತಿ ಅಂತ ಆವಾಗ್ಲೇ ನನಗ ತಿಳೀತು."