ಹೋರಿಯ ಮೀಸಲು

ಮಠದ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಭಕ್ತರೊಬ್ಬರು ನಮ್ಮ ಬಿಳಿಯ ಹೋರಿಯನ್ನು ಮೆಚ್ಚಿ ಅದರ ಮೇವಿನ ಭಾರ ಹೊತ್ತಿದ್ದಾರೆ. ಅವರು ಕಳಿಸಿದ್ದನ್ನು ಬೇರೆಯಾಗಿ ಒಟ್ಟಿ ಅದಕ್ಕೊಂದಕ್ಕೇ ಹಾಕುತ್ತಿದ್ದೇನೆ. ಕೊಟ್ಟವರು ತೋರಿಸಿದ ಬಾಯಿಗೇ ಹಾಕುವುದು ಧರ್ಮವಲ್ಲವೇ?"

"ಪ್ರಶ್ನೆಯ ಜೊತೆಗೆ ಉತ್ತರವನ್ನೂ ನೀನೇ ತಂದಿದ್ದೀಯೆ," ಎಂದರು ಗುರುಗಳು. "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಗುವ ಕತೆಯಲ್ಲ."

ಒಬ್ಬ ದನಗಾಹಿಯಿದ್ದ. ಅವನ ಹಟ್ಟಿಯ ದನಗಳು ಗಿಡ್ಡ ತಳಿ. ಗಟ್ಟಿ ಗೊರಸು, ಕಲ್ಲುಗುಡ್ಡ ಹತ್ತುವ ಕಾಲು. ಹಾಲು ಮಾತ್ರ ಒಂದು ಚೊಂಬು ತುಂಬಿದರೆ ಹೆಚ್ಚು. ಜನ ಚೊಂಬು ನೋಡುತ್ತಾರೆ, ಗೊರಸು ನೋಡುವುದಿಲ್ಲ. ಊರೂರಿಗೆ ದೊಡ್ಡ ಕೆಚ್ಚಲಿನ ಹಸುಗಳು ಬಂದವು, ಗಿಡ್ಡ ದನಗಳು ಸಂತೆಗೆ ಹೋದವು. ಕೊನೆಗೆ ಆ ತಳಿಯಲ್ಲಿ ಉಳಿದದ್ದು ಈ ದನಗಾಹಿಯ ಒಂದು ಹೋರಿ, ಒಂದು ಹಸು.

ಇದು ಒಬ್ಬ ವರ್ತಕನ ಕಿವಿಗೆ ಬಿತ್ತು. ಅವನ ಅಜ್ಜ ಅಂಥ ಎತ್ತುಗಳ ಬೆನ್ನ ಮೇಲೆ ಉಪ್ಪು ಹೇರಿ, ಘಟ್ಟ ಹತ್ತಿಸಿ, ಮನೆತನ ಕಟ್ಟಿದವನು. ವರ್ತಕ ಹಟ್ಟಿಗೆ ಬಂದು ಹೋರಿಯ ಹೆಗಲ ಮೇಲಿನ ಹಿಣಿಲು ಸವರಿ ಕಣ್ಣೀರು ಹಾಕಿದ. "ಈ ತಳಿ ಅಳಿಯಬಾರದು. ಇವನ ಮೇವು ಇನ್ನು ನನ್ನದು," ಎಂದ. ಮಾತಿಗೆ ತಪ್ಪಲಿಲ್ಲ. ಅಮಾವಾಸ್ಯೆ ಬಂತೆಂದರೆ ಹುರುಳಿ, ಹತ್ತಿಕಾಳು, ಒಣಹುಲ್ಲು ಬಂಡಿಯಲ್ಲಿ ಬರುತ್ತಿದ್ದವು. ತಾನೂ ಬಂದು ಹೋರಿಗೆ ಕೈಯಾರೆ ಬೆಲ್ಲ ತಿನ್ನಿಸುತ್ತಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಹಸು ಪಕ್ಕದ ಗೂಟದಲ್ಲಿತ್ತು. ಒಂದು ಕೊಂಬು ಮುರಿದಿತ್ತು, ಮೈಯಲ್ಲಿ ಹೊಳಪಿರಲಿಲ್ಲ. ಒಮ್ಮೆ ಅದು ಬೆಲ್ಲಕ್ಕೆ ನಾಲಿಗೆ ಚಾಚಿತು. ವರ್ತಕ ನಗುತ್ತಲೇ ಮೊಣಕೈಯಿಂದ ಅದರ ಮೂತಿ ಸರಿಸಿ, "ಇದು ಅವನದು ತಾಯಿ, ನಿನ್ನದಲ್ಲ," ಎಂದ. ದನಗಾಹಿ ಅದನ್ನು ನೋಡಿದ.

ಆ ಹಟ್ಟಿಯಲ್ಲಿ ಮೀಸಲಿನ ಕಟ್ಟಳೆ ಬಹಳ ಬಿಗಿ. ದೇವರ ಹೆಸರಲ್ಲಿ ಎತ್ತಿಟ್ಟ ಹಾಲನ್ನು ಮಗು ಅತ್ತರೂ ಕೊಡುತ್ತಿರಲಿಲ್ಲ. ದನಗಾಹಿ ಹೋರಿಯ ಮೇವನ್ನೂ ಹಾಗೆಯೇ ಎತ್ತಿಟ್ಟ.

ಆ ವರ್ಷ ಒಂದು ಅಮಾವಾಸ್ಯೆಗೆ ವರ್ತಕ ಬಂದುಹೋದ ಮರುದಿನವೇ ಗುಡ್ಡಕ್ಕೆ ಬೆಂಕಿ ಬಿತ್ತು. ಹಸು ಮೇಯುತ್ತಿದ್ದ ಹುಲ್ಲೆಲ್ಲ ಸುಟ್ಟುಹೋಯಿತು. ಅದು ಆಗ ಗಬ್ಬವಾಗಿತ್ತು. ಪಕ್ಕೆಲುಬುಗಳು ಎದ್ದು ಕಾಣತೊಡಗಿದವು.

ಹೆಂಡತಿ ಅಂದಳು: "ಆ ಮೂಟೆಯಿಂದ ಒಂದು ಬೊಗಸೆ ಹುರುಳಿ ಇದಕ್ಕೂ ಹಾಕಾನ. ಹೊಟ್ಟೇಲಿ ಕರ ಐತೆ."

"ಮೀಸಲು ಮುಟ್ಟಾದಾ? ಅವರೇ ಇದರ ಮೂತಿ ದೂಡಿದ್ದು ನೀನು ನೋಡಲಿಲ್ವಾ?"

"ಹಂಗಾರೆ ಹೋಗಿ ಕೇಳಾದು ತಾನೆ?"

"ಕೊಟ್ಟೋರ ಮುಂದೆ ಇನ್ನೊಂದು ಸಲ ಕೈ ಚಾಚಲಾ? ನನ್ ಕೈಲಾಗಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ಹಸುವಿಗೆ ಮೂತಿಯ ಹತ್ತಿರವಿದ್ದ ತುತ್ತೂ ಬರಲಿಲ್ಲ. ಹಗ್ಗ ಬಿಗಿಯುವಷ್ಟು ಎಳೆದು, ಹೋರಿ ಮೆಲ್ಲುವುದನ್ನು ನೋಡುತ್ತ ನಿಲ್ಲುತ್ತಿತ್ತು. ಒಂದು ದಿನ ಮಲಗಿದ್ದು ಏಳಲಿಲ್ಲ. ಹೊಟ್ಟೆಯ ಕರುವೂ ಅದರ ಜೊತೆಗೇ ಹೋಯಿತು. ದನಗಾಹಿ ಅದರ ಕೊರಳು ತಬ್ಬಿಕೊಂಡು ಮಗುವಿನಂತೆ ಅತ್ತ. ಹೇಳುವಾಗ ನನಗೂ ಸಂಕಟವಾಗುತ್ತದೆ, ತಮ್ಮಾ.

ಅಮಾವಾಸ್ಯೆಗೆ ವರ್ತಕ ಬಂದ. ಹೋರಿ ಮಿರಮಿರ ಮಿಂಚುತ್ತಿತ್ತು. ಪಕ್ಕದ ಗೂಟ ಖಾಲಿಯಿತ್ತು.

"ಹಸು ಎಲ್ಲಯ್ಯಾ?"

"ಸತ್ತೋತು ಶೆಟ್ರೇ. ಮೇವಿರಲಿಲ್ಲ."

ವರ್ತಕ ಮೂಲೆಯಲ್ಲಿದ್ದ ಮೂಟೆಗಳನ್ನು ನೋಡಿದ. "ಇಷ್ಟೊಂದು ಇತ್ತಲ್ಲೋ!"

"ಅದು ಹೋರಿ ಮೀಸಲು. ಒಂದು ಕಾಳೂ ಮುಟ್ಟಿಲ್ಲ ನಾನು," ಎಂದ ದನಗಾಹಿ, ಆಣೆ ಮಾಡುವವನ ಹಾಗೆ.

ಆಮೇಲೆ ವರ್ತಕ ಗುಡ್ಡದ ಊರುಗಳನ್ನೆಲ್ಲ ಸುತ್ತಿದ. ಆ ತಳಿಯ ಇನ್ನೊಂದು ಹಸು ಎಲ್ಲಿಯೂ ಸಿಗಲಿಲ್ಲ. ಹೋರಿ ಬಹಳ ವರ್ಷ ಬದುಕಿತು, ಹೊಟ್ಟೆ ತುಂಬ ತಿಂದಿತು. ಸಂಜೆಯಾದರೆ ಖಾಲಿ ಗೂಟದ ಕಡೆ ತಿರುಗಿ ಕೂಗುತ್ತಿತ್ತು. ಅದರೊಂದಿಗೆ ಆ ತಳಿ ಮುಗಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ತಪ್ಪು ಯಾರದು ಗುರುಗಳೇ? ಕೊಟ್ಟವನದೋ, ಕಾದಿಟ್ಟವನದೋ?"

"ಅದಿರಲಿ," ಎಂದರು ಗುರುಗಳು, "ಇವತ್ತು ಬೆಳಿಗ್ಗೆ ನಮ್ಮ ಕೊಟ್ಟಿಗೆಯಲ್ಲಿ ಯಾವ ಗೋದಲಿಯನ್ನು ಖಾಲಿ ಬಿಟ್ಟು ಬಂದೆ?"